ಇಳಿಸುವಾಗ ಹಗುರ, ಎತ್ತುವಾಗ ಭಾರ: ಬಾವಿಯ ಪಂಪು ಮತ್ತು ಹಗ್ಗದ ಲೆಕ್ಕ

ಪ್ರಶ್ನೆ: ಶಿರಸಿ ತಾಲ್ಲೂಕಿನಲ್ಲಿ ನಮ್ಮದೊಂದು ಅಡಿಕೆ ತೋಟವಿದೆ. ತೋಟದ ಬಾವಿ 40 ಅಡಿ ಆಳ, 12 ಅಡಿ ಅಗಲ. ಬೇಸಿಗೆಯಲ್ಲಿ ತಳದಲ್ಲಿ 12 ಅಡಿ ನೀರು ಉಳಿಯುತ್ತದೆ. ಎರಡು ವರ್ಷದ ಹಿಂದೆ ನಾನು ಮತ್ತು ತಮ್ಮ ಇಬ್ಬರೇ ಸೇರಿ 50 ಕಿಲೋ ತೂಕದ ಓಪನ್‌ವೆಲ್ ಪಂಪನ್ನು ಇಳಿಸಿದ್ದೆವು. ಬಾವಿಗೆ ಅಡ್ಡ ಹಾಕಿದ ಮರದ ತೊಲೆಯ ಮೇಲಿಂದ ಹಗ್ಗ ಹಾಯಿಸಿ ಸ್ವಲ್ಪ ಸ್ವಲ್ಪವೇ ಬಿಡುತ್ತ ಹೋದೆವು, ಏನೂ ಕಷ್ಟವಾಗಲಿಲ್ಲ. ಈ ಏಪ್ರಿಲ್‌ನಲ್ಲಿ ಪಂಪು ಕೆಟ್ಟು ನಿಂತಿತು. ಅದೇ ತೊಲೆ, ಅದೇ ಹಗ್ಗ. ನಾಲ್ಕು ಜನ ಎಳೆದರೂ ಪಂಪು ನೀರಿನಿಂದ ಹೊರಬರುವ ಹೊತ್ತಿಗೆ ಕೈಸೋತು ಮತ್ತೆ ಕೆಳಗೆ ಬಿಟ್ಟೆವು. ಆಮೇಲೆ ಎರಡು ಹಗ್ಗ ಕಟ್ಟಿ ಎದುರುಬದುರು ದಡದಲ್ಲಿ ಇಬ್ಬಿಬ್ಬರು ನಿಂತು ಎಳೆದೆವು. ಮೊದಮೊದಲು ಚೆನ್ನಾಗಿಯೇ ಬಂತು, ಆದರೆ ಬಾವಿಯ ಬಾಯಿ ಒಂದು ಗಜ ಇದೆ ಎನ್ನುವಾಗ ಅಲುಗಾಡದೆ ನಿಂತಿತು, ಮತ್ತೆ ನೀರಿಗೇ ಇಳಿಬಿಟ್ಟೆವು. ನೀರಿನಡಿಯ ಒತ್ತಡ ಪಂಪನ್ನು ಕೆಳಕ್ಕೆ ಅದುಮುತ್ತದೆ ಎಂದು ಒಬ್ಬರು, ಪಂಪು ನೀರು ಕುಡಿದು ತೂಕ ಹೆಚ್ಚಿದೆ ಎಂದು ಇನ್ನೊಬ್ಬರು ಹೇಳುತ್ತಾರೆ. ರಾಟೆ ಕಟ್ಟಿದರೆ ಭಾರ ಅರ್ಧವಾಗುತ್ತದೆಂದು ಪಕ್ಕದ ತೋಟದವರ ಸಲಹೆ. ಟ್ರ್ಯಾಕ್ಟರಿಗೆ ಕಟ್ಟಿ ಎಳೆದರೆ ಹೇಗೆ? ಹಗ್ಗ ಹೊಸದು ಕೊಳ್ಳುವುದಾದರೆ ಎಷ್ಟು ಉದ್ದದ್ದು ಬೇಕು?

ಉತ್ತರ: ಇಬ್ಬರು ಸಲೀಸಾಗಿ ಇಳಿಸಿದ ವಸ್ತುವನ್ನು ನಾಲ್ವರಿಂದ ಎತ್ತಲಾಗಲಿಲ್ಲ ಎಂದರೆ ವಸ್ತುವಿನ ತೂಕವೇ ಹೆಚ್ಚಿರಬೇಕು ಎಂದು ಅನಿಸುವುದು ಸಹಜ. ಭಾರ ಎತ್ತುವ ಯಂತ್ರಗಳ ಕೆಲಸದಲ್ಲೇ ಇರುವ ನನಗೆ ಇಂಥ ಪ್ರಶ್ನೆ ಹೊಸದಲ್ಲ, ಮತ್ತು ಹೆಚ್ಚಿನ ಸಲ ಉತ್ತರ ಪಂಪಿನಲ್ಲಿ ಇರುವುದಿಲ್ಲ, ಹಗ್ಗ ಹಾದುಹೋಗುವ ದಾರಿಯಲ್ಲಿ ಇರುತ್ತದೆ. ನಿಮ್ಮ ಪಂಪಿನ ತೂಕ ಅಂದೂ 50 ಕಿಲೋ, ಇಂದೂ ಹೆಚ್ಚುಕಡಿಮೆ ಅಷ್ಟೇ. ಆದರೆ ನಿಮ್ಮ ಕೈಗೆ ತಟ್ಟುವುದು ಪಂಪಿನ ತೂಕವಲ್ಲ, ಹಗ್ಗದ ನಿಮ್ಮ ಕಡೆಯ ತುದಿಯಲ್ಲಿರುವ ಎಳೆತ. ಇವೆರಡೂ ಒಂದೇ ಆಗಿರಬೇಕಾದರೆ ಹಗ್ಗ ನೇರವಾಗಿ ಮೇಲಿನಿಂದ ಕೆಳಗೆ ಇಳಿದಿರಬೇಕು, ಎಲ್ಲಿಯೂ ಉಜ್ಜಬಾರದು, ಪಂಪು ಗಾಳಿಯಲ್ಲಿ ತೂಗಬೇಕು ಮತ್ತು ಒಂದೇ ಸಮನಾದ ವೇಗದಲ್ಲಿ ಏರಬೇಕು. ನಿಮ್ಮ ಬಾವಿಯಲ್ಲಿ ಈ ನಾಲ್ಕರಲ್ಲಿ ಒಂದೂ ಇರಲಿಲ್ಲ. ಬಲವನ್ನು ಪುಸ್ತಕಗಳಲ್ಲಿ ನ್ಯೂಟನ್‌ನಲ್ಲಿ ಅಳೆಯುತ್ತಾರೆ, ಆ ಲೆಕ್ಕದಲ್ಲಿ ನಿಮ್ಮ ಪಂಪಿನ ಭಾರ ಸುಮಾರು 490 ನ್ಯೂಟನ್. ನಮ್ಮ ಕೆಲಸಕ್ಕೆ ಕಿಲೋ ಲೆಕ್ಕವೇ ಸಾಕು.

ಮೊದಲು ತೊಲೆಯ ವಿಷಯ, ಏಕೆಂದರೆ ಮುಖ್ಯ ಅಪರಾಧಿ ಅದೇ. ತಿರುಗದ ಮರದ ಮೇಲೆ ಹಗ್ಗ ಜಾರುವಾಗ ಘರ್ಷಣೆ ಉಂಟಾಗುತ್ತದೆ, ಮತ್ತು ಘರ್ಷಣೆ ಯಾವಾಗಲೂ ಹಗ್ಗ ಚಲಿಸುವ ದಿಕ್ಕಿಗೆ ವಿರುದ್ಧವಾಗಿಯೇ ಎಳೆಯುತ್ತದೆ. ಇಳಿಸುವಾಗ ಹಗ್ಗ ಬಾವಿಯ ಕಡೆಗೆ ಜಾರುತ್ತಿರುತ್ತದೆ, ಆದ್ದರಿಂದ ತೊಲೆ ನಿಮ್ಮ ಪಕ್ಷ ವಹಿಸಿ ಭಾರದಲ್ಲಿ ಒಂದು ಪಾಲನ್ನು ತಾನೇ ಹೊರುತ್ತದೆ. ಎತ್ತುವಾಗ ಹಗ್ಗ ನಿಮ್ಮ ಕಡೆಗೆ ಜಾರುತ್ತದೆ, ಆಗ ಅದೇ ತೊಲೆ ಪಂಪಿನ ಪಕ್ಷ ಸೇರುತ್ತದೆ. ಎಷ್ಟು ಪಾಲು ಎಂಬುದನ್ನು 18ನೇ ಶತಮಾನದ ಗಣಿತಜ್ಞ ಲಿಯೋನಾರ್ಡ್ ಆಯ್ಲರ್ ಹೆಸರಿನ ಒಂದು ಸೂತ್ರ ಹೇಳುತ್ತದೆ. ಅದರ ವಿಶೇಷವೆಂದರೆ ತೊಲೆ ದಪ್ಪವೋ ತೆಳುವೋ ಎಂಬುದು ಲೆಕ್ಕಕ್ಕೆ ಬರುವುದೇ ಇಲ್ಲ. ಹಗ್ಗ ಎಷ್ಟು ಕೋನದಷ್ಟು ಸುತ್ತಿಕೊಂಡಿದೆ ಮತ್ತು ಮೇಲ್ಮೈ ಎಷ್ಟು ಒರಟು ಎಂಬುದಷ್ಟೇ ಮುಖ್ಯ. ಹಗ್ಗಕ್ಕೂ ಮರಕ್ಕೂ ನಡುವಿನ ಘರ್ಷಣಾಂಕವನ್ನು (ಮೇಲ್ಮೈ ಎಷ್ಟು ಒರಟು ಎಂಬುದರ ಅಳತೆ) 0.3 ಎಂದು ಹಿಡಿದರೆ, ಬಾವಿಯಿಂದ ನೇರ ಮೇಲಕ್ಕೆ ಬಂದು ತೊಲೆಯ ಮೇಲೆ ತಿರುಗಿ ಅಡ್ಡಕ್ಕೆ ಹೋಗುವ, ಅಂದರೆ ಕಾಲು ಸುತ್ತು ತಿರುಗುವ ಹಗ್ಗದಲ್ಲಿ ಎಳೆತ 1.6 ಪಟ್ಟು ವ್ಯತ್ಯಾಸವಾಗುತ್ತದೆ. ಎರಡು ಪೂರ್ತಿ ಸುತ್ತು ಹಾಕಿದರೆ ಇದೇ ಅಂಕ 43 ಪಟ್ಟಿಗೆ ಏರುತ್ತದೆ. ಬಂದರಿನಲ್ಲಿ ದಕ್ಕೆಯ ಗೂಟಕ್ಕೆ ಹಗ್ಗವನ್ನು ಎರಡು ಸುತ್ತು ಸುತ್ತಿ ಒಬ್ಬನೇ ಮನುಷ್ಯ ದೋಣಿಯನ್ನು ತಡೆದು ನಿಲ್ಲಿಸುವುದು ಇದರಿಂದಲೇ.

ಈಗ ನಿಮ್ಮ ಲೆಕ್ಕಕ್ಕೆ ಬರೋಣ. ಇಳಿಸಿದ ದಿನ ಹಗ್ಗದ ಬಾವಿಯ ಕಡೆ 50 ಕಿಲೋ ಇತ್ತು; ಅದನ್ನು 1.6ರಿಂದ ಭಾಗಿಸಿದರೆ ನಿಮ್ಮ ಕಡೆ 31 ಕಿಲೋ. ಇಬ್ಬರಿಗೆ ಹಂಚಿದರೆ ತಲಾ 16 ಕಿಲೋಗೂ ಕಡಿಮೆ, ಅಂದರೆ ಒಂದು ದೊಡ್ಡ ಕೊಡಪಾನದಷ್ಟು. ಎತ್ತುವ ದಿನ ಭಾಗಾಕಾರದ ಬದಲು ಗುಣಾಕಾರ: ಬರೀ ಪಂಪಿಗೇ 80 ಕಿಲೋ ಎಳೆತ ಬೇಕು. ಆದರೆ ಆ ದಿನ ನೀವು ಎತ್ತುತ್ತಿದ್ದುದು ಬರೀ ಪಂಪನ್ನಲ್ಲ.

ನಿಮ್ಮ ಪತ್ರದಲ್ಲಿ ಪೈಪಿನ ಸುದ್ದಿಯೇ ಇಲ್ಲ. ಈ ಗಾತ್ರದ ಪಂಪಿಗೆ ಸಾಮಾನ್ಯವಾಗಿ 63 ಮಿಲಿಮೀಟರಿನ, ಗಟ್ಟಿ ಪ್ಲಾಸ್ಟಿಕ್ಕಿನ ಎಚ್‌ಡಿಪಿಇ ಪೈಪು ಹಾಕಿರುತ್ತಾರೆ. ಅದರೊಳಗೆ ಮೀಟರಿಗೆ ಸುಮಾರು 2.4 ಲೀಟರ್ ನೀರು ಹಿಡಿಯುತ್ತದೆ. ಇಳಿಸುವಾಗ ನೀರಿನ ಮಟ್ಟಕ್ಕಿಂತ ಮೇಲಿನ ಪೈಪು ಖಾಲಿ ಇತ್ತು. ಎರಡು ವರ್ಷ ಓಡಿ ನಿಂತ ಪಂಪಿನ ಪೈಪಿನಲ್ಲಿ, ಪಂಪಿನ ಬಾಯಿಯಲ್ಲಿರುವ, ನೀರು ಹಿಂದಕ್ಕೆ ಇಳಿಯದಂತೆ ತಡೆಯುವ ನಾನ್‌ರಿಟರ್ನ್ ವಾಲ್ವ್ ಸರಿಯಾಗಿದ್ದರೆ, ನೀರು ಬಾವಿಯ ಬಾಯಿಯವರೆಗೂ ತುಂಬಿ ನಿಂತಿರುತ್ತದೆ. ನೀರಿನ ಮಟ್ಟದಿಂದ ಬಾಯಿಯವರೆಗೆ 28 ಅಡಿ, ಅಂದರೆ 8.5 ಮೀಟರ್, ಆ ಪೈಪಿನಲ್ಲಿ 20 ಕಿಲೋ ನೀರು, ಪೈಪಿನದೇ ತೂಕ 6 ಕಿಲೋ. ಎಲ್ಲ ಸೇರಿ 76 ಕಿಲೋ, ತೊಲೆಯ ಘರ್ಷಣೆಯೊಂದಿಗೆ 122 ಕಿಲೋ. ಇಳಿಸುವಾಗ 31, ಎತ್ತುವಾಗ 122. ಪಂಪು ಒಂದು ಗ್ರಾಂ ಕೂಡ ಬದಲಾಗದೆ ಕೈಗೆ ಸಿಕ್ಕ ಭಾರ ನಾಲ್ಕು ಪಟ್ಟಾಯಿತು. ‘ನೀರು ಕುಡಿದಿದೆ’ ಎಂದವರ ಮಾತಿನಲ್ಲಿ ಸ್ವಲ್ಪ ಸತ್ಯವಿದೆ ಎನ್ನಬೇಕು, ಆದರೆ ಕುಡಿದದ್ದು ಪಂಪಲ್ಲ, ಪೈಪು.

ನೀರಿನಿಂದ ಹೊರಬರುವಾಗಲೇ ಏಕೆ ಕೈಸೋತಿತು ಎಂಬುದಕ್ಕೆ ಕಾರಣ ಬೇರೆ. ಮುಳುಗಿದ ವಸ್ತು ತಾನು ಸರಿಸಿದ ನೀರಿನ ತೂಕದಷ್ಟು ಹಗುರವಾಗುತ್ತದೆ ಎಂಬ ಆರ್ಕಿಮಿಡೀಸನ ನಿಯಮ ಶಾಲೆಯಲ್ಲೇ ಬಂದುಹೋಗಿರುತ್ತದೆ. ಬಾವಿಯಿಂದ ನೀರು ಸೇದಿದವರಿಗೆ ಇದು ಕೈಯ ಅನುಭವವೂ ಹೌದು: ಮುಳುಗಿದ ಕೊಡ ನೀರಿನೊಳಗೆ ಇರುವವರೆಗೆ ಹೂವಿನಂತೆ ಬರುತ್ತದೆ, ಅದರ ಬಾಯಿ ನೀರಿನಿಂದ ಹೊರಬಂದ ಕ್ಷಣದಿಂದ ಹಗ್ಗ ಕೈಯನ್ನು ಜಗ್ಗತೊಡಗುತ್ತದೆ. ಕೊಡದಲ್ಲಿ ಇರುವುದೂ ನೀರೇ ಆದ್ದರಿಂದ ಅಲ್ಲಿ ವ್ಯತ್ಯಾಸ ಬಹಳ ದೊಡ್ಡದು. ಪಂಪಿನದು ಬಹುಪಾಲು ಎರಕದ ಕಬ್ಬಿಣ ಮತ್ತು ತಾಮ್ರ. ಕಬ್ಬಿಣ ನೀರಿಗಿಂತ ಏಳು ಪಟ್ಟಿಗಿಂತ ಹೆಚ್ಚು ಸಾಂದ್ರ. ಹಾಗಾಗಿ 50 ಕಿಲೋದಲ್ಲಿ ಸುಮಾರು 8 ಕಿಲೋ ಮಾತ್ರ ನೀರು ಹೊತ್ತುಕೊಂಡಿರುತ್ತದೆ ಎಂದು ಅಂದಾಜು ಮಾಡಬಹುದು. ತೊಲೆಯ 1.6 ಪಟ್ಟು ಸೇರಿದರೆ ಆ 8 ಕಿಲೋ ನಿಮ್ಮ ಕೈಗೆ 13 ಕಿಲೋ ಆಗಿ ಬರುತ್ತದೆ, ಅದೂ ಮೀಟರುಗಟ್ಟಲೆ ಎಳೆದು ದಣಿದ ಹೊತ್ತಿನಲ್ಲಿ. ಇದರ ಮೇಲೆ ಪಂಪಿನ ಹೊಟ್ಟೆಯಲ್ಲಿರುವ ಎರಡು ಮೂರು ಲೀಟರ್ ನೀರು ಸೋರಿಹೋಗುವವರೆಗೆ ಅದನ್ನೂ ನೀವೇ ಹೊರಬೇಕು.

ನೀರಿನ ಒತ್ತಡ ಕೆಳಕ್ಕೆ ಅದುಮುತ್ತದೆ ಎಂಬುದು ತಪ್ಪು. ಒತ್ತಡ ಎಲ್ಲ ಕಡೆಯಿಂದಲೂ ಇರುತ್ತದೆ, ಮತ್ತು ಪಂಪಿನ ತಳ ಅದರ ನೆತ್ತಿಗಿಂತ ಆಳದಲ್ಲಿರುವುದರಿಂದ ಕೆಳಗಿನಿಂದ ಮೇಲಕ್ಕೆ ಒತ್ತುವುದೇ ಒಂದಿಷ್ಟು ಹೆಚ್ಚು. ಮೇಲೆ ಹೇಳಿದ ಹಗುರತನ ಹುಟ್ಟುವುದೇ ಅದರಿಂದ. ಒಂದು ಸಂದರ್ಭದಲ್ಲಿ ಮಾತ್ರ ಆ ಮಾತು ನಿಜಕ್ಕೆ ಹತ್ತಿರ ಬರುತ್ತದೆ. ಪಂಪು ಹೂಳಿನಲ್ಲಿ ಹೂತು ಕೂತಿದ್ದರೆ ಅದರ ಅಡಿಗೆ ನೀರು ನುಗ್ಗಲು ದಾರಿ ಇರುವುದಿಲ್ಲ, ಆಗ ಮೇಲಿನ ಒತ್ತಡಕ್ಕೆ ಕೆಳಗಿನಿಂದ ಸರಿಸಾಟಿ ಸಿಗುವುದಿಲ್ಲ, ಕೆಸರು ಹೀರಿ ಹಿಡಿದಂತೆ ಆಗುತ್ತದೆ. ಜಗ್ಗಿದಷ್ಟೂ ಈ ಹಿಡಿತ ಬಿಗಿಯಾಗುತ್ತದೆ. ಹಗ್ಗವನ್ನು ಬಿಗಿದು ಕಟ್ಟಿ ಹಾಗೆಯೇ ಬಿಟ್ಟು ಕಾಯುವುದು, ಹಗ್ಗವನ್ನು ಪಕ್ಕಕ್ಕೆ ಅಲುಗಿಸಿ ಅಡಿಗೆ ನೀರು ಹೋಗುವಂತೆ ಮಾಡುವುದು, ಇವು ಕೆಲಸ ಮಾಡುತ್ತವೆ. ನಿಮ್ಮ ಪಂಪು ತಳದಿಂದ ಎದ್ದು ನೀರಿನ ಮಟ್ಟದವರೆಗೂ ಬಂದಿರುವುದರಿಂದ ಹೂಳಿನ ಚಿಂತೆ ನಿಮಗಿಲ್ಲ.

ಎರಡು ದಡದಿಂದ ಎಳೆದದ್ದು ಇನ್ನೂ ಕುತೂಹಲದ ಪ್ರಕರಣ. ಎರಡು ಹಗ್ಗ ಎಂದರೆ ಭಾರ ಎರಡು ಪಾಲು ಎಂಬುದು ಹಗ್ಗಗಳು ಅಕ್ಕಪಕ್ಕದಲ್ಲಿ ನೇರವಾಗಿ ತೂಗುವಾಗ ಮಾತ್ರ ಸರಿ. ಓರೆಯಾದ ಹಗ್ಗದಲ್ಲಿ ಎಳೆತದ ಒಂದು ಭಾಗವಷ್ಟೇ ಪಂಪನ್ನು ಮೇಲಕ್ಕೆತ್ತುತ್ತದೆ. ಉಳಿದದ್ದು ಅಡ್ಡಕ್ಕೆ, ಅಂದರೆ ಎದುರು ದಡದವರ ವಿರುದ್ಧ ಹಗ್ಗಜಗ್ಗಾಟದಲ್ಲಿ ಕಳೆದುಹೋಗುತ್ತದೆ. ನಿಮ್ಮ ಬಾವಿಯ ಅಗಲ 12 ಅಡಿ, ಅಂದರೆ ನಡುವಿನಿಂದ ದಡಕ್ಕೆ 1.8 ಮೀಟರ್. ಬರೀ 50 ಕಿಲೋ ಪಂಪು ಎಂದೇ ಇಟ್ಟುಕೊಳ್ಳಿ. ಅದು 8 ಮೀಟರ್ ಕೆಳಗಿದ್ದಾಗ ಹಗ್ಗಗಳು ಹೆಚ್ಚುಕಡಿಮೆ ನೇರ, ಪ್ರತಿ ಹಗ್ಗಕ್ಕೆ 26 ಕಿಲೋ. ಬಾಯಿಗೆ ಒಂದು ಮೀಟರ್ ಉಳಿದಾಗ ಪ್ರತಿ ಹಗ್ಗಕ್ಕೆ 52 ಕಿಲೋ. ಪ್ರತಿ ಕಡೆಯವರೂ ಇಡೀ ಪಂಪನ್ನು ಹೊತ್ತಂತಾಯಿತು. ಅರ್ಧ ಮೀಟರ್ ಉಳಿದಾಗ 93 ಕಿಲೋ. ಹಗ್ಗ ಪೂರ್ತಿ ಅಡ್ಡವಾಗುವ ತನಕ ಎಳೆಯಲು ಆನೆ ತಂದರೂ ಆಗದು, ಏಕೆಂದರೆ ಆ ಸ್ಥಿತಿಯಲ್ಲಿ ಪಂಪನ್ನು ಮೇಲಕ್ಕೆತ್ತುವ ಬಲವೇ ಹಗ್ಗದಲ್ಲಿ ಉಳಿದಿರುವುದಿಲ್ಲ. ಇದರ ಜೊತೆಗೆ ಎರಡೂ ದಡದ ಕಲ್ಲಿನ ಅಂಚು ಹಗ್ಗವನ್ನು ಉಜ್ಜುತ್ತಿತ್ತು. ಒಂದು ಗಜ ಇರುವಾಗ ಪಂಪು ನಿಂತದ್ದು ಲೆಕ್ಕದ ಪ್ರಕಾರ ಎಲ್ಲಿ ನಿಲ್ಲಬೇಕೋ ಅಲ್ಲಿಯೇ.

ನನ್ನ ಮಾತನ್ನು ನಂಬುವುದಕ್ಕಿಂತ ನೀವೇ ಅಳೆದು ನೋಡುವುದು ಒಳ್ಳೆಯದು. ಕಾಳುಮೆಣಸು ತೂಗುವ ಕೊಕ್ಕೆಯ ಡಿಜಿಟಲ್ ತಕ್ಕಡಿ ನಿಮ್ಮಲ್ಲಿ ಇದ್ದೇ ಇರುತ್ತದೆ. ಒಂದು ಚೀಲಕ್ಕೆ 20 ಕಿಲೋ ಮರಳು ತುಂಬಿ, ಹಗ್ಗ ಕಟ್ಟಿ ಅದೇ ತೊಲೆಯ ಮೇಲೆ ಹಾಯಿಸಿ, ನಿಮ್ಮ ಕಡೆಯ ತುದಿಯನ್ನು ತಕ್ಕಡಿಯ ಕೊಕ್ಕೆಗೆ ಸಿಕ್ಕಿಸಿ ತಕ್ಕಡಿಯನ್ನೇ ಹಿಡಿದು ಅಡ್ಡಕ್ಕೆ ಎಳೆಯಿರಿ. ಚೀಲ ನಿಧಾನವಾಗಿ ಏರುತ್ತಿರುವಾಗ ಅಂಕ 30ರ ಆಸುಪಾಸಿನಲ್ಲಿ ಇರುತ್ತದೆ. ನಿಧಾನವಾಗಿ ಇಳಿಬಿಡುವಾಗ 12 ಅಥವಾ 13ಕ್ಕೆ ಬೀಳುತ್ತದೆ. ನಿಂತಾಗ ಇವೆರಡರ ನಡುವೆ ಎಲ್ಲಿ ಬೇಕಾದರೂ ಇರಬಹುದು. ತೊಲೆ ಒರಟಾದಷ್ಟೂ ಎರಡೂ ಅಂಕಗಳ ಅಂತರ ಹೆಚ್ಚು.

ಈಗ ರಾಟೆ. ತೊಲೆಗೆ ಬಿಗಿದ ಒಂದೇ ರಾಟೆಯಿಂದ ಭಾರ ಅರ್ಧವಾಗುವುದಿಲ್ಲ. ಅದು ಎಳೆತದ ದಿಕ್ಕನ್ನು ಮಾತ್ರ ಬದಲಿಸುತ್ತದೆ. ಆದರೂ ಪಕ್ಕದ ತೋಟದವರ ಸಲಹೆಯನ್ನು ತಳ್ಳಿಹಾಕಬೇಡಿ, ಏಕೆಂದರೆ ತಿರುಗುವ ಚಕ್ರದಲ್ಲಿ ಹಗ್ಗ ಜಾರುವುದಿಲ್ಲ. ಎಣ್ಣೆ ಹಾಕಿದ ಸಾಧಾರಣ ಬಾವಿ ರಾಟೆಯಲ್ಲಿ ನಷ್ಟ ನೂರಕ್ಕೆ ಹತ್ತರಷ್ಟು ಎಂದುಕೊಂಡರೆ 122 ಕಿಲೋ ಇದ್ದದ್ದು 84ಕ್ಕೆ ಇಳಿಯುತ್ತದೆ. ಜೊತೆಗೆ ಕೆಳಮುಖವಾಗಿ ಎಳೆಯುವಾಗ ಮೈಭಾರವೂ ನೆರವಾಗುತ್ತದೆ. ಬಯಲುಸೀಮೆಯ ಕಪಿಲೆ ಬಾವಿಗಳಲ್ಲಿ ಎತ್ತುಗಳನ್ನು ಇಳಿಜಾರಿನಲ್ಲಿ ಕೆಳಕ್ಕೆ ನಡೆಸುತ್ತಿದ್ದುದರ ಜಾಣತನವೂ ಇದೇ. ಆದರೆ ಅದಕ್ಕೊಂದು ಮಿತಿಯಿದೆ: 60 ಕಿಲೋ ತೂಕದ ಮನುಷ್ಯ ನೇರ ಕೆಳಕ್ಕೆ 60 ಕಿಲೋಗಿಂತ ಹೆಚ್ಚು ಎಳೆಯಲಾರ, ಅವನೇ ಮೇಲಕ್ಕೆ ಹೋಗುತ್ತಾನೆ. ಇನ್ನೊಂದು ಎಚ್ಚರಿಕೆ ತೊಲೆಯ ಬಗ್ಗೆ. ನೇರ ಕೆಳಕ್ಕೆ ಎಳೆದಾಗ ರಾಟೆ ತೂಗಿರುವ ತೊಲೆಯ ಮೇಲೆ ಪಂಪಿನ ಕಡೆಯ 76 ಮತ್ತು ನಿಮ್ಮ ಕಡೆಯ 84 ಸೇರಿ 160 ಕಿಲೋ ಬೀಳುತ್ತದೆ. 12 ಅಡಿ ಅಂತರಕ್ಕೆ ಹಾಕಿದ, ಮಳೆ ಬಿಸಿಲು ತಿಂದ ತೊಲೆಯನ್ನು ಚಾಕುವಿನ ಮೊನೆಯಿಂದ ಚುಚ್ಚಿ ನೋಡಿ. ಮೊನೆ ಸಲೀಸಾಗಿ ಒಳಗಿಳಿದರೆ ಆ ತೊಲೆಯನ್ನು ನಂಬಬೇಡಿ. ತುದಿಗಳು ಉರುಳದಂತೆ ಎರಡೂ ಕಡೆ ಬಿಗಿಯಿರಿ.

ಭಾರ ನಿಜಕ್ಕೂ ಅರ್ಧವಾಗಬೇಕಾದರೆ ಇನ್ನೊಂದು ರಾಟೆಯನ್ನು ಪಂಪಿಗೇ ಕಟ್ಟಬೇಕು. ಹಗ್ಗದ ಒಂದು ತುದಿಯನ್ನು ತೊಲೆಗೆ ಬಿಗಿದು, ಕೆಳಗೆ ಪಂಪಿನ ರಾಟೆಯೊಳಗಿಂದ ತಂದು, ಮತ್ತೆ ಮೇಲಿನ ರಾಟೆಯ ಮೇಲೆ ಹಾಯಿಸಿ ಎಳೆಯುವುದು. ಆಗ ಪಂಪನ್ನು ಹಗ್ಗದ ಎರಡು ಎಳೆಗಳು ಹೊರುತ್ತವೆ; ಎರಡೂ ರಾಟೆಗಳ ನಷ್ಟ ಸೇರಿಸಿದರೂ 44 ಕಿಲೋ ಎಳೆತ ಸಾಕು. ಇಬ್ಬರು ಆರಾಮವಾಗಿ ಮಾಡಬಹುದು. ಇದಕ್ಕೆ ತೆರಬೇಕಾದ ಬೆಲೆ ಉದ್ದ: ಪಂಪು ಒಂದು ಮೀಟರ್ ಏರಲು ನೀವು ಎರಡು ಮೀಟರ್ ಹಗ್ಗ ಎಳೆಯಬೇಕು. ನಿಮ್ಮ ಪಂಪು ಈಗ ನೀರಿನಡಿ ಇದೆ, ಅದಕ್ಕೆ ರಾಟೆ ಕಟ್ಟುವುದು ಹೇಗೆ ಎಂದರೆ, ಅದಕ್ಕಾಗಿ ಯಾರೂ ಬಾವಿಗೆ ಇಳಿಯಬೇಕಾಗಿಲ್ಲ. ಪಂಪಿನ ಹಳೆಯ ಹಗ್ಗ ಗಟ್ಟಿಯಾಗಿದ್ದರೆ, ನಿಂತಲ್ಲಿಂದಲೇ ಅದಕ್ಕೆ ರಾಟೆಯ ಕೊಕ್ಕೆ ಸಿಕ್ಕಿಸಿ ಒಂದಷ್ಟು ಎತ್ತಿ, ಹಗ್ಗವನ್ನು ತೊಲೆಗೆ ಬಿಗಿದು, ಕೊಕ್ಕೆಯನ್ನು ಕೆಳಗಿಳಿಸಿ ಮತ್ತೆ ಎತ್ತುತ್ತ ಹೋಗಬಹುದು. ತಾಳ್ಮೆಯ ಕೆಲಸ, ಆದರೆ ಸುರಕ್ಷಿತ. ಬಾಡಿಗೆಗೆ ಚೈನ್ ಬ್ಲಾಕ್ (ಸರಪಳಿ ಎಳೆದು ಭಾರ ಎತ್ತುವ ಸಾಧನ) ಮತ್ತು ಕಬ್ಬಿಣದ ಮುಕ್ಕಾಲಿ ಸಿಕ್ಕರೆ ನಾನು ಅದನ್ನೇ ಆರಿಸುತ್ತೇನೆ. ಅದರ ದೊಡ್ಡ ಗುಣವೆಂದರೆ ಕೈಬಿಟ್ಟರೂ ಭಾರ ನಿಂತಲ್ಲೇ ನಿಲ್ಲುತ್ತದೆ. ಸಾಮಾನ್ಯ ಚೈನ್ ಬ್ಲಾಕ್ ಒಂದು ಸಲಕ್ಕೆ ಮೂರು ಮೀಟರಷ್ಟೇ ಎತ್ತುವುದರಿಂದ ಅಲ್ಲಿಯೂ ಹಿಡಿತ ಬದಲಿಸುತ್ತ ಹೋಗಬೇಕಾಗುತ್ತದೆ.

ಟ್ರ್ಯಾಕ್ಟರಿನ ಯೋಚನೆ ಬಿಡಿ. ಬಲಕ್ಕೆ ಕೊರತೆಯಿಲ್ಲ ಎಂಬುದೇ ಅದರ ತೊಂದರೆ. ಪಂಪು ಬಾವಿಯ ಕಲ್ಲಿಗೆ ಸಿಕ್ಕಿಕೊಂಡರೆ ಕೈಯಲ್ಲಿ ಎಳೆಯುವವನಿಗೆ ಅದು ತಕ್ಷಣ ಗೊತ್ತಾಗುತ್ತದೆ. ಸ್ಟೇರಿಂಗ್ ಹಿಡಿದವನಿಗೆ ಹಗ್ಗ ತುಂಡಾದ ಮೇಲೆ ಗೊತ್ತಾಗುತ್ತದೆ. ಹಿಗ್ಗಿದ ನೈಲಾನ್ ಹಗ್ಗ ತುಂಡಾದರೆ ಚಾಟಿಯಂತೆ ಹಿಂದಕ್ಕೆ ಹೊಡೆಯುತ್ತದೆ, ಆ ದಾರಿಯಲ್ಲಿ ನಿಂತವರು ಉಳಿಯುವುದು ಅದೃಷ್ಟ. ‘ಐಸಾ’ ಎಂದು ಕೂಗಿ ಜಗ್ಗಿ ಜಗ್ಗಿ ಎಳೆಯುವುದರಲ್ಲೂ ಚಿಕ್ಕ ಪ್ರಮಾಣದ ಇದೇ ಅಪಾಯವಿದೆ, ಏಕೆಂದರೆ ವಸ್ತುವಿನ ವೇಗ ಹೆಚ್ಚಿಸುವಾಗ ಹಗ್ಗದ ಎಳೆತ ಅದರ ತೂಕವನ್ನು ಮೀರುತ್ತದೆ. ಕೈಜಾರಿ ಬಿದ್ದು ತಟ್ಟನೆ ನಿಂತರಂತೂ ಕೇಳುವುದೇ ಬೇಡ: 50 ಕಿಲೋ ಪಂಪು 30 ಸೆಂಟಿಮೀಟರ್ ಜಾರಿ, ಹಿಗ್ಗದ ಸ್ಟೀಲ್ ವೈರು ಅಥವಾ ಚೈನಿನಲ್ಲಿ 5 ಸೆಂಟಿಮೀಟರಿನೊಳಗೆ ನಿಂತರೆ ಆ ಕ್ಷಣದ ಸರಾಸರಿ ಎಳೆತ 350 ಕಿಲೋ. ಹಗ್ಗ ಹಿಗ್ಗುವುದಾದರೆ ಈ ಹೊಡೆತ ಕಡಿಮೆಯಾಗುತ್ತದೆ. ಹಾಗಾಗಿ ಒಬ್ಬರು ಎಳೆಯುವಾಗ ಇನ್ನೊಬ್ಬರು ಹಗ್ಗದ ಬಾಲವನ್ನು ಗಟ್ಟಿಯಾದ ಮರಕ್ಕೋ ಕಂಬಕ್ಕೋ ಎರಡು ಸುತ್ತು ಸುತ್ತಿ, ಸಡಿಲವಾದಂತೆಲ್ಲ ಬಿಗಿ ಮಾಡುತ್ತಿರಲಿ. ನಿಮ್ಮನ್ನು ಸೋಲಿಸಿದ ಘರ್ಷಣೆ ಇಲ್ಲಿ ನಿಮ್ಮ ಕೆಲಸಕ್ಕೆ ಬರುತ್ತದೆ.

ಎಳೆಯುವ ಮೊದಲು ಪೈಪಿನ ನೀರು ಖಾಲಿ ಮಾಡಿದರೆ ಅರ್ಧ ಜಗಳ ಮುಗಿದಂತೆ. ಮೇಲಿನ ಜೋಡಣೆ ಬಿಚ್ಚಿ, ತೆಳುವಾದ ಪ್ಲಾಸ್ಟಿಕ್ ಟ್ಯೂಬನ್ನು ಪೈಪಿನೊಳಗೆ ಆರು ಮೀಟರಿನಷ್ಟು ಇಳಿಸಿ, ಹೊರತುದಿಯಿಂದ ಬಾಯಲ್ಲಿ ಎಳೆದು, ನೀರು ಬಂದೊಡನೆ ಆ ತುದಿಯನ್ನು ಬಾವಿಯೊಳಗೆ ಅದಕ್ಕಿಂತ ಕೆಳಕ್ಕೆ ಇಳಿಬಿಟ್ಟು ಸೈಫನ್ ಮಾಡಿದರೆ 14 ಕಿಲೋದಷ್ಟು ನೀರು ಮತ್ತೆ ಬಾವಿಗೆ ಹೋಗುತ್ತದೆ. ತೋಟಕ್ಕೆ ಬೇರೆ ನೀರಿನ ವ್ಯವಸ್ಥೆ ಇದ್ದು ಅವಸರವಿಲ್ಲದಿದ್ದರೆ ಮಳೆಗಾಲಕ್ಕೆ ಕಾಯುವುದೂ ಒಂದು ದಾರಿ: ಬಾವಿಯ ನೀರು ಮೇಲೆ ಬಂದಷ್ಟೂ ಪೈಪಿನಲ್ಲಿ ನೀವು ಹೊರಬೇಕಾದ ನೀರು ಕಡಿಮೆ, ಪಂಪು ನೀರಿನ ಆಸರೆಯಲ್ಲಿ ಇರುವ ದೂರ ಹೆಚ್ಚು. ಯಾವ ದಾರಿ ಹಿಡಿದರೂ ಮೊದಲು ಮೇನ್ ಸ್ವಿಚ್ ಆಫ್ ಮಾಡಿ ಫ್ಯೂಸ್ ತೆಗೆದು ಜೇಬಿನಲ್ಲಿ ಇಟ್ಟುಕೊಳ್ಳಿ, ಪಂಪಿನ ಕೇಬಲ್ ಹಿಡಿದು ಎಳೆಯಬೇಡಿ, ಸಿಕ್ಕಿಕೊಂಡಿದೆಯೆಂದು ಯಾರನ್ನೂ ಬಾವಿಗೆ ಇಳಿಸಬೇಡಿ. ಹಳೆಯ ಬಾವಿಗಳ ತಳದಲ್ಲಿ ಆಮ್ಲಜನಕ ಕಡಿಮೆಯಿರಬಹುದು. ದೀಪ ಇಳಿಸಿ ನೋಡುವ ರೂಢಿಯಿಂದ ಎಲ್ಲ ವಿಷಾನಿಲಗಳೂ ತಿಳಿಯುವುದಿಲ್ಲ.

ಇನ್ನು ಹಗ್ಗ. 12 ಮಿಲಿಮೀಟರಿನ ಹೊಸ ಪಾಲಿಪ್ರೊಪಿಲೀನ್ ಹಗ್ಗ ಸುಮಾರು 2 ಟನ್‌ಗೆ ತುಂಡಾಗುತ್ತದೆ, ಆದರೆ ಅದನ್ನು 2 ಟನ್‌ನ ಹಗ್ಗ ಎಂದು ಭಾವಿಸಬಾರದು. ಹತ್ತರಲ್ಲಿ ಒಂದು ಪಾಲು, 200 ಕಿಲೋ, ಎಂದು ಹಿಡಿಯುವುದು ನಮ್ಮ ಪದ್ಧತಿ. ಗಂಟು ಹಾಕಿದಲ್ಲಿ ಶಕ್ತಿ ಅರ್ಧದವರೆಗೂ ಕುಗ್ಗುತ್ತದೆ. ಎರಡು ವರ್ಷ ಬಿಸಿಲಿನಲ್ಲಿದ್ದ ನೀಲಿ ಹಗ್ಗವನ್ನು ಬೆರಳಿನಲ್ಲಿ ಉಜ್ಜಿದಾಗ ಪುಡಿ ಉದುರಿದರೆ ಅದನ್ನು ದನ ಕಟ್ಟಲು ಇಟ್ಟುಕೊಳ್ಳಿ. ತೆಳ್ಳಗಿನ ಹಗ್ಗ ಶಕ್ತಿಯಲ್ಲಿ ಸಾಕಾದರೂ ಅಂಗೈಯನ್ನು ಕೊಯ್ಯುತ್ತದೆ, ಅದೇ ಎಳೆತ ಹೆಚ್ಚು ಭಾರವೆಂದು ತೋರುತ್ತದೆ. ಹಾಗಾಗಿ ಹಿಡಿತಕ್ಕಾಗಿಯೇ 16 ಮಿಲಿಮೀಟರಿನದನ್ನು ಕೊಳ್ಳಿ, ರಾಟೆಯ ಕಾಲುವೆ ಅದಕ್ಕೆ ಸಾಕಷ್ಟು ಅಗಲವಿದೆಯೇ ನೋಡಿಕೊಳ್ಳಿ. ಉದ್ದದ ಲೆಕ್ಕ ಹೀಗೆ: ಬಾವಿಯ ಆಳ 12 ಮೀಟರ್, ರಾಟೆಯ ಎತ್ತರ ಒಂದೂವರೆ ಮೀಟರ್, ಒಟ್ಟು ಹದಿಮೂರೂವರೆ; ಎರಡು ಎಳೆಗೆ 27, ಕೈಗೆ ಬರಲು 3, ಗಂಟುಗಳಿಗೆ 2, ಕಂಬಕ್ಕೆ ಸುತ್ತಲು ಇನ್ನೊಂದು ಮೂರು. 35 ಮೀಟರ್ ಒಂದೇ ತುಂಡಿನಲ್ಲಿ ತನ್ನಿ, ಏಕೆಂದರೆ ನಡುವೆ ಗಂಟಿದ್ದ ಹಗ್ಗ ರಾಟೆಯಲ್ಲಿ ಸಿಕ್ಕಿಕೊಳ್ಳುತ್ತದೆ.